ತಿಲ್ಲಿ ಮೂಡುವ ತಿಂಗಳುಗಳು

ನನ್ನ ಹೊಟ್ಟೆಯಲ್ಲಿ ಗುಲ್ಮ ಇಲ್ಲ ಎಂದು ಗೊತ್ತಾದದ್ದು ಮದುವೆಯಾದ ಮರುವರ್ಷ. ಆಗ ಮುಧೋಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಗಂಡನ ಮನೆ ಬನಹಟ್ಟಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಪವರ್‌ಲೂಮ್‌ಗಳು, ಮುಂದಿನ ಕೋಣೆಗಳಲ್ಲಿ ನಾವು ಮತ್ತು ಅತ್ತೆ. ಮುಂಜಾನೆ ಬಸ್ಸು ಹಿಡಿದು ಮುಧೋಳಕ್ಕೆ ಹೋಗಿ, ಸಂಜೆ ಮಗ್ಗದ ಸದ್ದು ಕೇಳುತ್ತಲೇ ಇಳಿದು ಮನೆಗೆ ಬರುವುದು ರೂಢಿಯಾಗಿತ್ತು.

ಆ ದಿನ ಪಾಠದ ನಡುವೆ ಚಳಿ ಶುರುವಾಯಿತು. ಮೊದಲೇ ಸ್ವಲ್ಪ ನೆಗಡಿ ಇತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹುಡುಗಿಯರು ಎದ್ದು ಫ್ಯಾನು ಆರಿಸಿದರು. ಹಲ್ಲು ಕಟಕಟ ಅನ್ನತೊಡಗಿದಾಗ ಸ್ಟಾಫ್ ರೂಮಿಗೆ ಹೋಗಿ ಕೂತೆ. ಊಟದ ಬಿಡುವಿನಲ್ಲಿ ಬಂದ ಸಹೋದ್ಯೋಗಿಯೊಬ್ಬರು ನನ್ನ ಕೈ ಮುಟ್ಟಿ ನೋಡಿ, ಕೂಡಲೇ ಆಟೋ ಕರೆಸಿದರು. ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಕಾಲ ಮೇಲೆ ನೇರಳೆ ಬಣ್ಣದ ಕಲೆಗಳು ಎದ್ದಿದ್ದವಂತೆ, ರಕ್ತದೊತ್ತಡ ಕುಸಿದಿತ್ತಂತೆ. ಗಂಡ ಬರುವಷ್ಟರಲ್ಲಿ ನನ್ನ ಬಾಯಿಗೆ ನಳಿಗೆ ಹಾಕಿದ್ದರು.

ಎಚ್ಚರವಾದ ಮೇಲೆ ಒಬ್ಬ ಡಾಕ್ಟರು ಬಂದು ಹಾಸಿಗೆಯ ಬದಿಗೆ ನಿಂತರು. ವಯಸ್ಸಿನಲ್ಲಿ ನನಗಿಂತ ಸಣ್ಣವರು.

"ಮೇಡಂ, ನಿಮ್ಗ ಹಿಂದ ತಿಲ್ಲಿ ಆಪರೇಶನ್ ಆಗೇತೇನ್ರಿ?"

ತಿಲ್ಲಿ ಎಂದರೆ ಗುಲ್ಮ. ನಮ್ಮ ಕಡೆ ಮಟನ್ ಅಂಗಡಿಯಲ್ಲಿ ಬಳಸುವ ಮಾತು. ನಾನು ಇಲ್ಲ ಎಂದು ತಲೆ ಆಡಿಸಿದೆ.

"ಸಣ್ಣಾಕಿ ಇದ್ದಾಗ ಬಿದ್ದು, ಹೊಟ್ಟಿಗೆ ಪೆಟ್ಟಾಗಿ ತಗಸಿದ್ದು?"

ಆಗಲೂ ಇಲ್ಲವೆಂದೆ. ಅತ್ತೆ ಪಕ್ಕದಲ್ಲೇ ಇದ್ದರು. ಡಾಕ್ಟರು ಹೋದ ಮೇಲೆ ಅವರು ನನ್ನ ಹೊಟ್ಟೆಯ ಮೇಲಿನ ಹೊದಿಕೆ ಸರಿಸಿ, ಎಡಪಕ್ಕೆಯನ್ನು ಬೆಳಕಿಗೆ ತಿರುಗಿಸಿ, ಹೊಲಿಗೆಯ ಗುರುತು ಇದೆಯೇ ಎಂದು ನೋಡಿದರು. ನಮ್ಮವರು ಏನಾದರೂ ಮುಚ್ಚಿಟ್ಟು ಮದುವೆ ಮಾಡಿಕೊಟ್ಟಿದ್ದಾರೋ ಎಂಬ ಅನುಮಾನ ಅವರಿಗೆ ಬಂದಿರಬೇಕು. ಗುರುತು ಸಿಗಲಿಲ್ಲ. ಹೊದಿಕೆ ಸರಿಮಾಡಿ, "ಹಾಲು ಕುಡೀತಿಯೇನು?" ಅಂದರು.

ಡಾಕ್ಟರು ಆಮೇಲೆ ವಿವರಿಸಿದರು. ನನ್ನ ರಕ್ತದ ಕೆಂಪು ಕಣಗಳೊಳಗೆ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಹೊಸ ಕಣ ತಯಾರಾದಾಗ ಒಳಗೆ ಉಳಿದುಹೋಗುವ ಚೂರು ಅದು. ಗುಲ್ಮ ಇದ್ದವರಲ್ಲಿ ರಕ್ತ ಅದರೊಳಗೆ ಹಾಯುವಾಗ ಆ ಚೂರು ಹೊರಬೀಳುತ್ತದೆ. ನನ್ನಲ್ಲಿ ಉಳಿದಿತ್ತು. ಸ್ಕ್ಯಾನ್ ಮಾಡಿದರೆ ಎಡಪಕ್ಕೆಯಲ್ಲಿ ಗುಲ್ಮ ಇರಬೇಕಾದ ಜಾಗದಲ್ಲಿ ಕರುಳು ಇತ್ತು. ರಕ್ತದೊಳಗೆ ನುಗ್ಗುವ ಕೆಲವು ರೋಗಾಣುಗಳನ್ನು ಮೊದಲು ಹಿಡಿಯುವುದೇ ಗುಲ್ಮ. ಅದು ಇಲ್ಲದವರಿಗೆ ಸಾಮಾನ್ಯ ನೆಗಡಿಯಿಂದ ಶುರುವಾದದ್ದು ಒಂದೇ ಹಗಲಿನಲ್ಲಿ ಪ್ರಾಣಕ್ಕೆ ಬರಬಹುದು.

"ಮತ್ತ ಇಷ್ಟ ವರ್ಷ ಹೆಂಗ ಬದುಕಿದೆ?" ಎಂದು ಕೇಳಿದೆ.

"ಅದು ನಿಮ್ಮ ನಶೀಬ್ರಿ," ಅಂದರು. ವೈದ್ಯರ ಬಾಯಲ್ಲಿ ಆ ಮಾತು ಕೇಳಿ ನನಗೆ ಸ್ವಲ್ಪ ನಿರಾಸೆಯಾಯಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಸುಧಾರಿಸಿಕೊಳ್ಳಲು ತವರಿಗೆ ಹೋದೆ. ನನ್ನ ತವರು ಜಮಖಂಡಿ ತಾಲೂಕಿನ ಹುನ್ನೂರ. ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಪ್ಪ ಈಗ ದೂರದ ಅಡವಿಗೆ ಮಂದೆ ಹೊಡೆಯುವುದು ಬಿಟ್ಟು, ಇದ್ದ ಹೊಲದಲ್ಲಿ ಕಬ್ಬು ಹಾಕಿ, ಹಿತ್ತಲಲ್ಲಿ ಒಂದಿಷ್ಟು ಕುರಿ ಇಟ್ಟುಕೊಂಡಿದ್ದ. ಅವ್ವನಿಗೆ ನನ್ನ ಕಾಯಿಲೆಯ ಹೆಸರು ಫೋನಿನಲ್ಲಿ ತಿಳಿದಿರಲಿಲ್ಲ. ಹೋದ ದಿನ ಒಲೆಯ ಮುಂದೆ ಕೂತು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಹುಟ್ಟಿದಾಗಿಂದ ಇಲ್ಲೇನು?"

"ಹುಟ್ಟೂಕಿಂತ ಮೊದ್ಲಿಂದ ಇಲ್ಲ."

"ಹಂಗಾದ್ರ ನಿಮ್ಮಣ್ಣಗೂ ಇರ್ಲಿಲ್ಲೇನು?"

ನನಗಿಂತ ಮೊದಲು ಹುಟ್ಟಿದ ಒಬ್ಬ ಅಣ್ಣ ಇದ್ದ. ಮಾತು ಬಲ್ಲ ವಯಸ್ಸಿನಲ್ಲಿ ತೀರಿಹೋಗಿದ್ದ. ಅವನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಜ್ವರ ಬಂದು ಹೋದ ಅನ್ನುವುದಷ್ಟೇ ನನಗೆ ತಿಳಿದಿತ್ತು. ಅವ್ವ ಅಂದು ಮೊದಲ ಬಾರಿಗೆ ಪೂರ್ತಿ ಹೇಳಿದಳು. ಚಿಕ್ಕಪಡಸಲಗಿಯ ಹತ್ತಿರ ಹೊಳೆದಂಡೆಯಲ್ಲಿ ಮಂದೆ ಬಿಟ್ಟಿದ್ದರು. ಬೆಳಿಗ್ಗೆ ಹುಡುಗನ ಮೈ ಸುಡುತ್ತಿತ್ತು. ಅವಳು ಅವನನ್ನು ಎತ್ತಿಕೊಂಡು ಹೋಗಿ ಹೊಳೆಯ ನೀರಿನಲ್ಲಿ ಮೈ ತೊಳೆದಳು. ಅವನು ನಗುತ್ತಿದ್ದ. ಮಧ್ಯಾಹ್ನ ಕಣ್ಣು ಮೇಲೆ ಹೋದವು. ಅಪ್ಪ ಕುರಿ ಅಟ್ಟಿಕೊಂಡು ದೂರ ಹೋಗಿದ್ದ. ಅಪ್ಪ ಬರಲಿ ಎಂದು ಅವಳು ಕಾದಳು. ಅವನು ಬರುವಷ್ಟರಲ್ಲಿ ಹುಡುಗ ಇರಲಿಲ್ಲ. ತಣ್ಣೀರು ಹಾಕಿದ್ದಕ್ಕೆ ಜ್ವರ ಒಳಸೇರಿತು ಎಂದು ಅಜ್ಜಿ ಅಂದಳಂತೆ. ಅವ್ವ ಅದನ್ನೇ ನಂಬಿದ್ದಳು. ನಾನು ಹುಟ್ಟಿದ ಮೇಲೆ ಬೇಸಿಗೆಯಲ್ಲೂ ನನಗೆ ಬಿಸಿನೀರಿನಲ್ಲೇ ಮೈ ತೊಳೆಯುತ್ತಿದ್ದ ಕಾರಣ ನನಗೆ ಅಂದು ತಿಳಿಯಿತು.

"ಗೊತ್ತಿಲ್ಲವ್ವ," ಅಂದೆ. "ಇರ್ಲಿಕ್ಕಿಲ್ಲ ಅನಸ್ತೈತಿ. ಆದ್ರ ಈಗ ನೋಡಾಕ ಬರೂದಿಲ್ಲ."

ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಒಲೆಗೆ ಇನ್ನೊಂದು ಕಟ್ಟಿಗೆ ನೂಕಿ, "ಅಂದ್ರ ನೀರಿಂದಲ್ಲ, ನನ್ನ ಹೊಟ್ಟಿ ಒಳಗs ಕಮ್ಮಿ ಆಗಿತ್ತು ಅನ್ನು," ಅಂದಳು. ಸುಟ್ಟುಹೋಗುತ್ತಿದ್ದ ರೊಟ್ಟಿಯನ್ನು ನಾನೇ ಹಂಚಿನಿಂದ ಎತ್ತಿದೆ.

ಲಸಿಕೆಗಳನ್ನು ಹಾಕಿಸಿಕೊಂಡೆ. ಜ್ವರ ಬಂದರೆ ತಕ್ಷಣ ನುಂಗಬೇಕಾದ ಗುಳಿಗೆಗಳು ಚೀಲದಲ್ಲಿ ಸೇರಿದವು. ಅದರಾಚೆ ಬದುಕು ಮೊದಲಿನಂತೆಯೇ ಇತ್ತು. ಮರುವರ್ಷ ಬಸಿರಾದೆ.

ಬಸಿರಾದದ್ದು ಖಾತ್ರಿಯಾದ ದಿನವೇ ಮಗುವಿಗೆ ಗುಲ್ಮ ಇರುತ್ತದೆಯೇ ಎಂಬ ಪ್ರಶ್ನೆ ಬಂತು. ಗಂಡ ಲೂಮಿನ ಎಣ್ಣೆ ಕೈ ಒರೆಸಿಕೊಳ್ಳುತ್ತ, "ನಿನಗಿಲ್ಲ ಅಂತ ಕೂಸಿಗೂ ಇರೂದಿಲ್ಲೇನು? ನನಗೈತಲ್ಲ," ಅಂದ. ಅವನಿಗೆ ಇತ್ತು. ಮುಧೋಳದ ಡಾಕ್ಟರು ಹೇಳಿದ್ದೂ ಅಷ್ಟೇ: ಇಂಥದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ, ಬಂದರೂ ಬರಬಹುದು, ಬಿಟ್ಟರೂ ಬಿಡಬಹುದು. ಐದನೇ ತಿಂಗಳಲ್ಲಿ ಒಮ್ಮೆ ಸ್ಕ್ಯಾನಿನಲ್ಲಿ ನೋಡಿಸಿ ಅಂದಿದ್ದರು.

ಜಮಖಂಡಿಯಲ್ಲಿ ಸ್ಕ್ಯಾನ್ ಮಾಡುವ ಡಾಕ್ಟರು ವಯಸ್ಸಾದ ಹೆಣ್ಣುಮಗಳು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಗೋಡೆಯ ಮೇಲೆ ಗಂಡೋ ಹೆಣ್ಣೋ ಕೇಳಬಾರದು ಎಂಬ ದೊಡ್ಡ ಬೋರ್ಡು. ಹಾಸಿಗೆಯ ಮೇಲೆ ಮಲಗಿ, "ಮೇಡಂ, ಒಂದು ಕೇಳೂದಿತ್ರಿ," ಅಂದೆ.

ಅವರು ಬೋರ್ಡಿನ ಕಡೆ ಬೆರಳು ತೋರಿಸಿದರು.

"ಅದಲ್ರಿ. ಕೂಸಿಗೆ ತಿಲ್ಲಿ ಐತೇನು ನೋಡ್ರಿ."

ಅವರು ಕೈಯಲ್ಲಿದ್ದ ಯಂತ್ರ ಹಿಡಿದೇ ನಕ್ಕರು. "ಇಷ್ಟ ವರ್ಷದಾಗ ಇದನ್ನ ಕೇಳಿದಾಕಿ ನೀನs ಮೊದಲು." ನನ್ನ ಕಥೆ ಹೇಳಿದ ಮೇಲೆ ನಗು ನಿಂತಿತು. ಮೊದಲು ಹೃದಯ ನೋಡಿದರು. ಗುಲ್ಮ ಇಲ್ಲದ ಕೂಸುಗಳಲ್ಲಿ ಎಷ್ಟೋ ಸಲ ಹೃದಯವೂ ತಪ್ಪಾಗಿ ಕಟ್ಟಿರುತ್ತದಂತೆ. "ಹೃದಯ ಅಗದೀ ಬರೋಬರಿ ಐತಿ," ಅಂದರು. ಆದರೆ ಜಠರದ ಹಿಂದಿನ ಜಾಗ ಕಾಣಲಿಲ್ಲ. ಕೂಸು ಬೆನ್ನು ಮೇಲೆ ಮಾಡಿ ಮಲಗಿತ್ತು. ಸ್ವಲ್ಪ ಅಡ್ಡಾಡಿ ಬಾ, ಏನಾದರೂ ಸಿಹಿ ತಿನ್ನು, ತಿರುಗಬಹುದು ಅಂದರು. ಪೇಢೆ ತಿಂದು ಬಂದೆ. ಕೂಸು ತಿರುಗಲಿಲ್ಲ. ಆ ಹೊತ್ತು ಬೇರೆ ಯಾರೂ ಕಾಯುತ್ತಿರಲಿಲ್ಲ, ನಾನು ವಿಜ್ಞಾನದ ಟೀಚರು ಎಂದು ತಿಳಿದ ಮೇಲೆ ಅವರಿಗೂ ಮಾತಾಡುವ ಮನಸ್ಸಾಯಿತು.

"ಈಗ ಕಾಣಿಸಿದ್ರೂ ಒಂದು ಸಣ್ಣ ಬೂದಿ ಬಣ್ಣದ ತುಣುಕು ಕಾಣಬಹುದು, ಅಷ್ಟs," ಅಂದರು. "ಒಳಗ ನಡೆಯೂ ಕೆಲಸ ಯಾವ ಸ್ಕ್ಯಾನಿಗೂ ಕಾಣೂದಿಲ್ಲ."

"ಒಳಗ ಏನ್ ನಡೀತೈತ್ರಿ?"

ಅವರು ನನ್ನ ಹೊಟ್ಟೆಯ ಮೇಲಿನ ಜಿಗುಟು ಒರೆಸುತ್ತ ಹೇಳಿದರು. ಎರಡನೇ ತಿಂಗಳಲ್ಲೇ ಜಠರದ ಹಿಂದಿನ ಒಂದು ತೆಳ್ಳನೆಯ ಪದರದಲ್ಲಿ ಸಣ್ಣ ಉಬ್ಬುಗಳು ಏಳುತ್ತವೆ. ಅವು ಒಂದಕ್ಕೊಂದು ಕೂಡಿ ಗುಲ್ಮವಾಗುತ್ತವೆ. ಜಠರ ತಿರುಗಿದಂತೆ ಅದೂ ಎಡಕ್ಕೆ ಸರಿಯುತ್ತದೆ. ಆದರೆ ಮೊದಲಿಗೆ ಅದು ಬರೀ ರಕ್ತನಾಳಗಳ ಸ್ಪಂಜು. ರೋಗ ಹಿಡಿಯುವ ಯಾವ ಕಣವೂ ಅಲ್ಲಿ ಗುಂಪಾಗಿರುವುದಿಲ್ಲ, ಹಳೆಯದನ್ನು ತಿಂದುಹಾಕುವ ಕೆಲವು ದೊಡ್ಡ ಕಣಗಳಷ್ಟೇ ಓಡಾಡುತ್ತವೆ. ನಾಲ್ಕನೇ ತಿಂಗಳ ಸುಮಾರಿಗೆ ಬಿಳಿ ಕಣಗಳು ರಕ್ತದ ಜೊತೆ ಬಂದಿಳಿಯತೊಡಗುತ್ತವೆ.

"ಎಲ್ಲಿಂದ ಬರ್ತಾವ್ರಿ?"

"ಒಂದು ಜಾತಿ ಯಕೃತ್ತಿನಿಂದ, ಆಮ್ಯಾಲ ಎಲುಬಿನ ಮಜ್ಜೆಯಿಂದ. ಇನ್ನೊಂದು ಜಾತಿ ಎದಿ ಎಲುಬಿನ ಹಿಂದ ಥೈಮಸ್ ಅಂತ ಗ್ರಂಥಿ ಐತಲ್ಲ, ಅಲ್ಲಿ ತಯಾರಾಗಿ ಬರ್ತಾವ. ಬಂದು ಎಲ್ಲಿ ಬೇಕಾದಲ್ಲಿ ಕೂಡ್ರೂದಿಲ್ಲ. ಗುಲ್ಮದೊಳಗಿನ ಸಣ್ಣ ಸಣ್ಣ ಅಪಧಮನಿ ಇರ್ತಾವಲ್ಲ, ಅವುಗಳ ಸುತ್ತ ಕೂಡ್ತಾವ. ಅಲ್ಲಿನ ಗೋಡಿ ಕಣಗಳು ವಾಸನಿ ಬಿಟ್ಟಂಗ ರಾಸಾಯನಿಕ ಬಿಟ್ಟು ಕರೀತಾವ. ಮೊದ್ಲು ಎಲ್ಲಾ ಕಲಸುಮೇಲೋಗರ. ಆಮ್ಯಾಲ ಒಂದು ಜಾತಿ ನಾಳಕ್ಕ ಹತ್ತಿಕೊಂಡು, ಇನ್ನೊಂದು ಜಾತಿ ಬಗಲಿಗೆ ಉಂಡಿಯಾಗಿ, ಬ್ಯಾರೆಬ್ಯಾರೆ ಆಗ್ತಾವ. ಆರನೇ ತಿಂಗಳು ದಾಟೂದರಾಗ ಆ ಬಿಳಿ ಉಂಡಿಗಳು ಛಲೋ ಕಾಣ್ತಾವ, ಸೂಕ್ಷ್ಮದರ್ಶಕದಾಗ."

"ಹುಟ್ಟೂದರಾಗ ಕೆಲಸಕ್ಕ ತಯಾರು ಅನ್ರಿ."

"ಎಲ್ಲಿ ತಯಾರು? ಆ ಉಂಡಿಯೊಳಗ ಪ್ರತಿಕಾಯ ಹದ ಮಾಡೂ ಜಾಗ ಐತಲ್ಲ, ಅದು ಹುಟ್ಟಿದ ಮ್ಯಾಲs ತೆರಕೊಳ್ಳೂದು. ಹೊಟ್ಟಿಯೊಳಗ ರೋಗ ಇಲ್ಲ, ಯಾರ ಜೋಡಿ ಕಲೀಬೇಕು? ಕೆಲವೊಂದು ಭಾಗ ಬಲಿಯಾಕ ಕೂಸಿಗೆ ಎರಡು ವರ್ಷ ಬೇಕು. ಅದಕ್ಕs ಸಣ್ಣ ಕೂಸುಗಳಿಗೆ ತಿಲ್ಲಿ ಇದ್ರೂ ಜ್ವರ ಜೋರು." ಕೈ ತೊಳೆದುಕೊಂಡು, "ಆರನೇ ತಿಂಗಳ ಮ್ಯಾಲ ಬಾ. ಆವಾಗ ತಿರುಗಿರ್ತೈತಿ," ಅಂದರು.

ನಡುವಿನ ವಾರಗಳಲ್ಲಿ ನಾನು ಏನನ್ನೂ ಕಲ್ಪಿಸಿಕೊಳ್ಳಬಾರದು ಎಂದುಕೊಂಡಿದ್ದೆ. ಆದರೂ ಬಸ್ಸಿನಲ್ಲಿ ಕೂತಾಗ, ಉತ್ತರಪತ್ರಿಕೆ ತಿದ್ದುವಾಗ, ಆ ಕಣಗಳು ಈಗ ಬರುತ್ತಿರಬೇಕು ಎಂಬ ಯೋಚನೆ ತಾನಾಗಿ ಬರುತ್ತಿತ್ತು. ಬರುವುದಂತೂ ಬಂದೇ ಬರುತ್ತವೆ, ಯಕೃತ್ತೂ ಮಜ್ಜೆಯೂ ಇವೆಯಲ್ಲ. ಇಳಿಯುವ ಜಾಗವೇ ಇಲ್ಲದಿದ್ದರೆ ಏನು ಮಾಡುತ್ತವೆ? ನನ್ನವು ಏನು ಮಾಡಿದ್ದವು? ಕುತ್ತಿಗೆಯ, ಕಂಕುಳಿನ ಗಂಟುಗಳಲ್ಲಿ ಸೇರಿಕೊಂಡಿರಬೇಕು. ಗಂಡನಿಗೆ ಇದನ್ನೆಲ್ಲ ಹೇಳುವುದು ಕಷ್ಟ. ಅವನು ಕೇಳುತ್ತಾನೆ, ಕೇಳಿದ ಮೇಲೆ "ಊಟ ಮಾಡು" ಅನ್ನುತ್ತಾನೆ.

ಒಂದು ರವಿವಾರ ಹುನ್ನೂರಿಗೆ ಹೋಗಿದ್ದೆ. ಬೆಳಿಗ್ಗೆ ಹಿತ್ತಲಲ್ಲಿ ಒಂದು ಕುರಿ ಅವಧಿಗೆ ಮೊದಲೇ ಸತ್ತ ಮರಿ ಹಾಕಿತ್ತು. ಅಪ್ಪ ಅದನ್ನು ಹೂಳಲು ಗುದ್ದಲಿ ತೆಗೆದುಕೊಂಡಿದ್ದ. ನಾನು ಬಾಗಿಲಲ್ಲಿ ನಿಂತು, "ಅಪ್ಪಾ, ಹುಟ್ಟದ ಮರಿಗೂ ತಿಲ್ಲಿ ಇರ್ತೈತೇನು?" ಎಂದು ಕೇಳಿದೆ.

"ಇರ್ತೈತಿ."

"ತೋರಸ್ತಿ?"

ಅಪ್ಪ ನನ್ನ ಹೊಟ್ಟೆ ನೋಡಿದ, ಅಡುಗೆಮನೆಯ ಕಡೆ ನೋಡಿದ. ಆಮೇಲೆ ಕಲ್ಲಿನ ಮೇಲೆ ಮರಿಯನ್ನಿಟ್ಟು ಸಣ್ಣ ಚಾಕುವಿನಿಂದ ಪಕ್ಕೆ ಬಿಡಿಸಿದ. ಜಠರದ ಮಗ್ಗುಲಿಗೆ ಅಂಟಿಕೊಂಡಿದ್ದ ಒಂದು ಕಡುನೇರಳೆ ತುಣುಕನ್ನು ಬೆರಳಿನಿಂದ ಎತ್ತಿ ಅಂಗೈಯಲ್ಲಿ ಹಿಡಿದ. ಹುಣಸೆಬೀಜದಷ್ಟಿತ್ತು, ಚಪ್ಪಟೆ, ಒದ್ದೆ. ಸೂರ್ಯನ ಬೆಳಕಿಗೆ ಅಂಚು ಸ್ವಲ್ಪ ಕೆಂಪಾಗಿ ಕಂಡಿತು. ನಾನು ಬಗ್ಗಿ ನೋಡುತ್ತಿರುವಾಗಲೇ ಅವ್ವ ಹೊರಗೆ ಬಂದಳು.

"ಬುದ್ಧಿ ಐತೇನು ನಿನಗ? ಬಸುರಿ ಹೆಂಗಸಿಗೆ ಇದನ್ನ ತೋರಸ್ತಾರ?" ಎಂದು ಅಪ್ಪನ ಮೇಲೆ ಕೂಗಾಡಿದಳು. ನನ್ನನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಹಣೆಗೆ ಬೀರೇಶ್ವರನ ಭಂಡಾರ ಹಚ್ಚಿದಳು. ಅರಿಶಿನದ ಪುಡಿ ಮೂಗಿಗೆ ಹೋಗಿ ಸೀನು ಬಂತು. ಅಪ್ಪ ಹೊರಗಿನಿಂದಲೇ, "ಆಕಿ ಸಾಲಿ ಕಲಸಾಕಿ, ನೋಡ್ಲಿ ಬಿಡು," ಅಂದ.

ಎರಡನೇ ಸ್ಕ್ಯಾನಿಗೆ ಗಂಡನೂ ಬಂದ. ಕೂಸು ಈ ಸಲ ಸರಿಯಾಗಿ ತಿರುಗಿತ್ತು. ಪರದೆಯ ಮೇಲೆ ರಕ್ತದ ಹರಿವು ಕೆಂಪು, ನೀಲಿ ಬಣ್ಣದಲ್ಲಿ ಮಿಣಮಿಣ ಅನ್ನುತ್ತಿತ್ತು. ಡಾಕ್ಟರು ಗುಲ್ಮದಿಂದ ಹೊರಡುವ ರಕ್ತನಾಳವನ್ನು ಹುಡುಕುತ್ತಿದ್ದರು. ಅದು ಸಿಕ್ಕರೆ ಅದರ ಬೆನ್ನು ಹಿಡಿದು ಗುಲ್ಮಕ್ಕೆ ಮುಟ್ಟಬಹುದು. ಒಂದು ಕಡೆಯಿಂದ ನೋಡಿದರು, ಇನ್ನೊಂದು ಕಡೆಯಿಂದ ನೋಡಿದರು. ಕೊನೆಗೆ ಯಂತ್ರ ಕೆಳಗಿಟ್ಟು ನನ್ನ ಮುಖ ನೋಡಿದರು.

"ಇಲ್ಲವಾ," ಅಂದರು. "ಕಾಣವಲ್ದು."

ಗಂಡ, "ಇನ್ನೊಮ್ಮೆ ನೋಡ್ರಿ," ಅಂದ. ಅವರು ಬೇಸರಿಸದೆ ಇನ್ನೊಮ್ಮೆ ನೋಡಿದರು. ಹೃದಯ ಸರಿ, ಯಕೃತ್ತು ಸರಿ, ಮೂತ್ರಪಿಂಡ ಸರಿ. ಎಡಪಕ್ಕೆಯಲ್ಲಿ ಜಠರ ತಾನೊಂದೇ ಇತ್ತು. ನನಗೆ ಅಳು ಬರಲಿಲ್ಲ. ನನ್ನ ಕೂಸು ನನ್ನ ಹಾಗೇ ಇದೆ ಎಂದಷ್ಟೇ ಅನ್ನಿಸಿತು. ಗಂಡ ಹೊರಗೆ ಬಂದು ಬೈಕಿನ ಪಕ್ಕದಲ್ಲಿ ನಿಂತು ಕೀಲಿ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಡಾಕ್ಟರು ಒಂದು ಮಾತು ಹೇಳಿದ್ದರು. ಇದು ಎಲ್ಲಿಂದ ಬಂದಿದೆ ಎಂದು ತಿಳಿಯಬೇಕಾದರೆ ನಿಮ್ಮ ಅವ್ವನನ್ನೂ ಅಪ್ಪನನ್ನೂ ಕರೆದುಕೊಂಡು ಬಾ, ಒಂದು ನಿಮಿಷದ ಕೆಲಸ. ಅವ್ವ ಕೂಡಲೇ ಹೊರಟಳು. ತನ್ನದೇ ಎಂದು ಅವಳಿಗೆ ಖಾತ್ರಿಯಿತ್ತು, ಅದನ್ನು ಕಣ್ಣಾರೆ ನೋಡಿ ಮುಗಿಸಬೇಕಿತ್ತು. ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು. ಅವನು ಜೀವಮಾನದಲ್ಲಿ ಆಸ್ಪತ್ರೆಯ ಹಾಸಿಗೆ ಹತ್ತಿದವನಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ಹೊಲದಲ್ಲಿ ಮಲಗಿದವನು, ಜ್ವರ ಬಂದರೆ ಬೆಳ್ಳುಳ್ಳಿ ತಿಂದು ನಡೆದವನು.

ಅವ್ವ ಮೊದಲು ಮಲಗಿದಳು. ಕಣ್ಣು ಮುಚ್ಚಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡ್ರಿ ಅಮ್ಮಾ, ಇಲ್ಲೇ ಐತಿ, ದಷ್ಟಪುಷ್ಟ," ಅಂದರು. ಅವ್ವ ಕಣ್ಣು ಬಿಟ್ಟು ಆ ಬೂದು ಆಕಾರವನ್ನು ನೋಡಿದಳು. ಅವಳಿಗೆ ಅದು ಏನೂ ಅಲ್ಲವೆಂಬಂತೆ ಕಂಡಿರಬೇಕು. "ನನಗೈತಿ?" ಎಂದು ಕೇಳಿದಳು. ಮತ್ತೆ ಕೇಳಿದಳು.

ಆಮೇಲೆ ಅಪ್ಪ. ಅಂಗಿ ಎತ್ತಿಕೊಂಡು, ಸಂಕೋಚದಿಂದ ಗೋಡೆ ನೋಡುತ್ತ ಮಲಗಿದ. ಡಾಕ್ಟರು ಅವನನ್ನು ಬಲಮಗ್ಗುಲಾಗಿಸಿ, ಉಸಿರು ಬಿಗಿಹಿಡಿಯಲು ಹೇಳಿ, ಬಿಡಲು ಹೇಳಿ, ಮತ್ತೆ ನೋಡಿದರು.

"ಅಜ್ಜಾ, ನಿಮ್ಗಿಲ್ಲ."

"ಏನಿಲ್ರಿ?"

"ತಿಲ್ಲಿ."

ಅಪ್ಪ ಎದ್ದು ಕೂತ. ನಗು ಬಂದುಬಿಟ್ಟಿತು ಅವನಿಗೆ. "ಆಯುಷ್ಯ ಎಲ್ಲಾ ಕುರಿ ಕೊಯ್ದೆ, ಒಂದಕ್ಕೂ ಇಲ್ಲದ್ದು ನೋಡಿಲ್ಲ," ಅಂದ. ನಗುತ್ತಿದ್ದವನು ಅವ್ವನ ಮುಖ ನೋಡಿ ಅಂಗಿ ಕೆಳಗಿಳಿಸಿದ.

ಹುನ್ನೂರಿಗೆ ಹೋಗುವ ಟೆಂಪೊದಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ನಾನು ಅವ್ವನ ಪಕ್ಕ. ಊರು ಹತ್ತಿರ ಬಂದಾಗ ಅಪ್ಪ, "ಹುಡುಗಂದು ನನ್ನಿಂದ ಆತು ಹಂಗಾದ್ರ," ಅಂದ. ಅವ್ವ ತಕ್ಷಣ ಉತ್ತರಿಸಿದಳು. ತನ್ನನ್ನು ತಾನು ಅಷ್ಟು ವರ್ಷ ಬೈದುಕೊಂಡವಳು ಅವನನ್ನು ಬೈಯುತ್ತಾಳೆ ಎಂದು ನಾನು ಅಂದುಕೊಂಡಿದ್ದೆ.

"ನಿನ್ನಿಂದ ಏನಾತು? ನೀ ಮಾಡ್ಕೊಂಡಿಯೇನು? ಅದು ನೀ ಹುಟ್ಟೂಕಿಂತ ಮೊದ್ಲs ಆಗಿದ್ದು. ಸುಮ್ನ ಕೂಡು."

ಅಪ್ಪನಿಗೆ ಹೇಳಿದ್ದನ್ನು ತನಗೂ ಹೇಳಿಕೊಂಡಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಆ ದಿನದ ನಂತರ ಅಣ್ಣನ ಹೆಸರು ಮನೆಯಲ್ಲಿ ಓಡಾಡತೊಡಗಿತು. ಅವನಿಗೆ ಬೆಲ್ಲ ಇಷ್ಟವಿತ್ತು, ಕುರಿಮರಿಯ ಬಾಲ ಹಿಡಿದು ನಡೆಯುತ್ತಿದ್ದ, ನನ್ನ ಹಾಗೇ ಹುಬ್ಬು ಗಂಟಿಕ್ಕುತ್ತಿದ್ದ. ಇವನ್ನೆಲ್ಲ ನಾನು ಬಾಣಂತಿಯಾಗುವ ಹೊತ್ತಿಗೆ ಕೇಳಿ ತಿಳಿದೆ.

ಮಗಳು ತುಂಬಿದ ತಿಂಗಳಿಗೆ ಹುಟ್ಟಿದಳು. ನೋಡಲು ಯಾವ ಕೊರತೆಯೂ ಇಲ್ಲ. ಸ್ಕ್ಯಾನು ಹೊಟ್ಟೆಯೊಳಗೆ ಹೇಳಿದ್ದನ್ನೇ ಹೊರಗೂ ಹೇಳಿತು. ಮಕ್ಕಳ ಡಾಕ್ಟರು ದಿನಾ ಕೊಡಬೇಕಾದ ಔಷಧ ಬರೆದರು, ಲಸಿಕೆ ಒಂದೂ ತಪ್ಪಬಾರದು ಅಂದರು, ಜ್ವರ ಬಂದರೆ ಕಾಯಬಾರದು ಅಂದರು. ಕಾಯಬಾರದು ಅನ್ನುವುದನ್ನು ನನಗೂ ಗಂಡನಿಗೂ ಬೇರೆಬೇರೆಯಾಗಿ ಹೇಳಿದರು. ಅತ್ತೆ ಗುಲಾಬಿ ಬಣ್ಣದ ಆ ಔಷಧವನ್ನು ದಿನಾ ಮುಂಜಾನೆ ತಾವೇ ಕುಡಿಸುವುದಾಗಿ ವಹಿಸಿಕೊಂಡರು, ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಅವಳು ಅಂಬೆಗಾಲಿಡುತ್ತಿದ್ದಾಗ ಜ್ವರ ಬಂದೇ ಬಂತು. ನಾನು ಶಾಲೆಯಲ್ಲಿದ್ದೆ, ಮಗಳು ಎರಡು ದಿನಕ್ಕೆಂದು ಹುನ್ನೂರಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅವ್ವ ನನಗೆ ಫೋನು ಮಾಡಿದಾಗ ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು.

"ಎಲ್ಲಿದ್ದಿ ಅವ್ವ?"

"ಜಮಖಂಡಿಗೆ ಹೊಂಟೇವಿ. ಕೂಸಿನ ಮೈ ಸುಡಾಕತ್ತೇತಿ. ನೀ ಅಲ್ಲಿಗೇ ಬಾ."

ಮೈ ಬಿಸಿ ಅನ್ನಿಸಿದ ತಕ್ಷಣ ಅವಳು ಅಪ್ಪನನ್ನು ಹೊಲದಿಂದ ಕರೆಸದೆ, ಪಕ್ಕದ ಮನೆಯವರ ಬೈಕಿನ ಹಿಂದೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ನಾನು ಮುಧೋಳದಿಂದ ತಲುಪುವಷ್ಟರಲ್ಲಿ ಮೊದಲ ಇಂಜೆಕ್ಷನ್ ರಕ್ತಕ್ಕೆ ಹೋಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಇದ್ದವರಿಗೆಲ್ಲ ಅವ್ವ, "ಇದಕ್ಕ ತಿಲ್ಲಿ ಇಲ್ರೀ, ಕಾಯಾಕ ಬರೂದಿಲ್ರೀ," ಎಂದು ದೊಡ್ಡ ದನಿಯಲ್ಲಿ ಹೇಳಿದ್ದಳಂತೆ. ಚೀಟಿ ಮಾಡಿಸಲು ನಿಂತವರು ದಾರಿ ಬಿಟ್ಟಿದ್ದರು. ರಕ್ತದಲ್ಲಿ ರೋಗಾಣು ಸಿಕ್ಕಿತು. ಬೇಗ ಬಂದಿರಿ ಎಂದು ಡಾಕ್ಟರು ಹೇಳಿದರು. ಮಗಳು ಕೆಲವು ದಿನ ಅಲ್ಲೇ ಇದ್ದು, ಸೂಜಿ ಚುಚ್ಚಿದ ಕೈಯನ್ನು ಎಲ್ಲರಿಗೂ ತೋರಿಸುತ್ತ ಮನೆಗೆ ಬಂದಳು. ಅವ್ವ ಒಂದು ವಾರ ಬರೀ ನಿದ್ದೆ ಮಾಡಿದಳು.

ಈಗ ಮಗಳು ಬನಹಟ್ಟಿಯಲ್ಲಿ ಬಾಲವಾಡಿಗೆ ಹೋಗುತ್ತಾಳೆ. ನಾನು ಮತ್ತೆ ಬಸುರಿ, ಏಳನೇ ತಿಂಗಳು. ಇನ್ನೊಂದು ಬೇಕೋ ಬೇಡವೋ ಎಂದು ನಾವಿಬ್ಬರೂ ಬಹಳ ಮಾತಾಡಿದ್ದೆವು. ಗುಲ್ಮ ಇಲ್ಲದಿದ್ದರೂ ಸಾಕಬಹುದು ಎಂದು ಗೊತ್ತಾಗಿತ್ತು, ಹಾಗಾಗಿ ಹೆದರಿಕೆ ಮೊದಲಿನಷ್ಟಿರಲಿಲ್ಲ. ಹೋದ ತಿಂಗಳು ಅದೇ ಡಾಕ್ಟರ ಹತ್ತಿರ ಹೋದಾಗ ಅವರು ನಾನು ಕೇಳುವ ಮೊದಲೇ ಜಠರದ ಹಿಂದೆ ಹೋದರು. ಪರದೆಯ ಮೇಲೆ ಕರಿಯ ಜಠರದ ಮಗ್ಗುಲಿಗೆ ಒಂದು ಬಾಗಿದ ಬೂದು ಆಕಾರ ಇತ್ತು. ಕೂಸಿನ ಎದೆಬಡಿತಕ್ಕೆ ಸಣ್ಣಗೆ ಅಲುಗುತ್ತಿತ್ತು. ಅದರಿಂದ ಹೊರಟ ರಕ್ತನಾಳ ನೀಲಿಯಾಗಿ ಮಿನುಗಿತು.

"ಐತಿ ನೋಡು," ಅಂದರು.

ನಾನು ನೋಡುತ್ತ ಮಲಗಿದೆ. ಆ ಬೂದು ಬಣ್ಣದ ಒಳಗೆ ಈ ಹೊತ್ತಿಗೆ ಬಿಳಿ ಕಣಗಳು ಅಪಧಮನಿಗಳ ಸುತ್ತ ಕೂಡಿ ಉಂಡೆ ಕಟ್ಟಿರಬೇಕು. ಪರದೆಯಲ್ಲಿ ಅದೇನೂ ಕಾಣಲಿಲ್ಲ. ಗಂಡ ಈ ಸಲ ಫೋಟೊ ತೆಗೆಯಬಹುದೇ ಎಂದು ಕೇಳಿದ. ಡಾಕ್ಟರು ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿ ಬೇಡ ಅಂದರು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ತಮ್ಮನೋ ತಂಗಿಯೋ ಬರುತ್ತದೆ ಎಂದು ಅವಳಿಗೆ ತಿಳಿದಿತ್ತು. ಅವಳ ಚಿಂತೆ ಬೇರೆ ಇತ್ತು.

"ಅದಕ್ಕೂ ದಿನಾ ನನ್ನ ಔಷಧ ಕೊಡ್ತಿಯೇನವ್ವಾ?"

"ಇಲ್ಲ. ಅದಕ್ಕ ಬ್ಯಾಡ."

"ಯಾಕ?"

"ಅದಕ್ಕ ಹೊಟ್ಟಿಯೊಳಗ ಒಂದು ತಿಲ್ಲಿ ಐತಿ. ಅದs ಜ್ವರ ಹಿಡೀತೈತಿ. ನಿನಗ, ನನಗ, ಹುನ್ನೂರ ಅಜ್ಜಗ ಇಲ್ಲ. ಅದಕ್ಕ ನಿನಗ ಔಷಧ ಕೊಡೂದು."

ಅವಳು "ಅಜ್ಜಗೂ ಇಲ್ಲ?" ಎಂದು ಖಾತ್ರಿ ಮಾಡಿಕೊಂಡಳು. ಹೌದು ಅಂದೆ. ಅದರಿಂದ ಅವಳಿಗೆ ಸಂತೋಷವಾದಂತೆ ಕಂಡಿತು. ಹುಟ್ಟದ ಕೂಸಿನ ಬಗ್ಗೆ "ಪಾಪ" ಎಂದು ಹೇಳಿ, ಚಪ್ಪಲಿ ಹಾಕಿಕೊಂಡು ಅಪ್ಪನನ್ನು ಹುಡುಕಲು ಲೂಮಿನ ಶೆಡ್ಡಿಗೆ ಓಡಿದಳು.